ಅಮ್ಮತ್ತಿಯ ಶೋಭಿತಾ ಮೌನವನ್ನು ನಂಬುವುದಿಲ್ಲ

ಮಂಜು ಇನ್ನೂ ಕೊಡಗಿನ ಅಮ್ಮತ್ತಿ ಪೇಟೆಯ ಮೇಲಿಂದ ಎದ್ದಿಲ್ಲ. ಹಾಲಿನ ಜೀಪು ಬಂದು ಹೋಗಿದೆ, ಮೂಲೆಯ ಹೋಟೆಲಿನ ಒಲೆ ಈಗಷ್ಟೇ ಹೊತ್ತಿದೆ. ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ಶೋಭಿತಾ ಸ್ವೆಟರಿನ ತೋಳು ಮೇಲೇರಿಸಿಕೊಂಡು, ಸಾಲಾಗಿಟ್ಟ ಹಳೆಯ ಹೊಸ ಕಂಪ್ಯೂಟರುಗಳ ಮುಂದೆ ನಿಂತಿದ್ದಾರೆ. ಒಂದೊಂದರಲ್ಲೂ ಚೆನ್ನಾಗಿ ಓಡುತ್ತಿರುವ ಪ್ರೋಗ್ರಾಮನ್ನು ಬೇಕೆಂದೇ ಬೀಳಿಸುತ್ತಾರೆ. ಬೀಳಿಸಿ, ಕೈಕಟ್ಟಿ ಕಾಯುತ್ತಾರೆ. ಮೇಜಿನ ಮೇಲಿನ ಫೋನು ಟಿಣ್ ಎನ್ನುತ್ತದೆ: ಇಂಥ ಯಂತ್ರದಲ್ಲಿ, ಪ್ರೋಗ್ರಾಮಿನ ಇಂಥ ಸಾಲಿನಲ್ಲಿ, ಇಂಥ ಕಾರಣಕ್ಕೆ ಬಿತ್ತು. ಅದನ್ನು ಓದಿ, ತಲೆಯಾಡಿಸಿ ಪಕ್ಕದ ಯಂತ್ರಕ್ಕೆ ಸರಿಯುತ್ತಾರೆ.

“ಸುಮ್ನೆ ಓಡ್ತಿರೋದನ್ನ ಯಾಕೆ ಬೀಳಿಸ್ತೀಯ ಅಂತ ನಮ್ಮತ್ತೆ ಕೇಳ್ತಾರೆ,” ಎಂದು ನಗುತ್ತಾರೆ. “ಬಿದ್ದಾಗ ಕೂಗುತ್ತೋ ಇಲ್ವೋ ನೋಡ್ಬೇಕಲ್ಲ. ಬೀಳಿಸದೇ ಹೆಂಗೆ ಗೊತ್ತಾಗುತ್ತೆ?”

ಈ ಕೂಗುವ ಸಲಕರಣೆಯ ಹೆಸರು ‘ಕುರುಹು’. ಯಾವುದಾದರೂ ಪ್ರೋಗ್ರಾಮ್ ನಡುವೆ ಕುಸಿದರೆ, ಅದರ ಕೊನೆಯ ಗಳಿಗೆಯಲ್ಲಿ ಏನು ನಡೆಯಿತೆಂದು ಹಿಡಿದಿಟ್ಟು, ಅದನ್ನು ನೋಡಿಕೊಳ್ಳುವವರಿಗೆ ಸುದ್ದಿ ಮುಟ್ಟಿಸುವ ಪುಟ್ಟ ತಂತ್ರಾಂಶ. ಬರೆದವರು ಯಾರೋ, ಎಲ್ಲಿಯವರೋ, ಅರ್ಧಕ್ಕೇ ಕೈಬಿಟ್ಟಿದ್ದರು. ವಿರಾಜಪೇಟೆಯ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಗ ಶೋಭಿತಾ ಅದನ್ನು ಎತ್ತಿಕೊಂಡರು. ಅಂದಿನಿಂದ ಅದು ಇವರದೇ ಕೂಸು. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು. ಹೆಸರೂ ಕೇಳದ ದೇಶಗಳಿಂದ ಆಗೀಗ ಪ್ರಶ್ನೆಗಳು ಬರುತ್ತವೆ, ಇವರು ಉತ್ತರಿಸುತ್ತಾರೆ.

ಶೋಭಿತಾ ಅವರ ತವರು ಕುಶಾಲನಗರದ ಬಳಿ. ತಾತನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಶುಂಠಿ, ಜೋಳ ಬೆಳೆದುಕೊಂಡು ನೆಲೆನಿಂತ ಮನೆತನ. ಗಂಡ ಧರ್ಮೇಶ್ ಅಮ್ಮತ್ತಿ ಸಮೀಪದ ಕಾಫಿ ಎಸ್ಟೇಟಿನಲ್ಲಿ ರೈಟರು; ಬೆಳಿಗ್ಗೆ ಆಳುಗಳ ಹಾಜರಿ ಕೂಗಿ, ಅವರನ್ನು ತೋಟದ ಭಾಗಗಳಿಗೆ ಹಂಚುವವರು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅಂಗಡಿಗಳ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವುದು ಶೋಭಿತಾ ಅವರ ಜೀವನೋಪಾಯ. ಕುರುಹು ಮಾತ್ರ ಬೆಳಗಿನ ಹೊತ್ತಿನದು. ಆಗ ಕರೆಂಟು ಗಟ್ಟಿ, ನೆಟ್ಟೂ ಗಟ್ಟಿ.

ಕಳೆದ ಜೂನ್ ತಿಂಗಳವರೆಗೆ ಇದು ಹವ್ಯಾಸವಾಗಿತ್ತು.

ಹಲಸು ಹಣ್ಣಾಗಿ ಆನೆಗಳು ತೋಟಗಳಿಗೆ ಇಳಿಯುವ ಕಾಲ. ಹಿಂಡು ಎಲ್ಲಿದೆಯೆಂದು ಕಾವಲಿನವರು ತಿಳಿಸಿದರೆ, ಸುತ್ತಲಿನ ಲೈನುಮನೆಗಳ, ಅಂದರೆ ತೋಟದ ಆಳುಗಳ ಸಾಲುಮನೆಗಳ, ಫೋನುಗಳಿಗೆ ಧ್ವನಿಕರೆ ಹೋಗುವ ವ್ಯವಸ್ಥೆಯೊಂದನ್ನು ನವೀನ್‌ಕುಮಾರ್ ಎಂಬವರು ಗೆಳೆಯರ ಜೊತೆಗೂಡಿ ನಡೆಸುತ್ತಾರೆ. ಅಮ್ಮತ್ತಿ, ಹುದಿಕೇರಿ, ಕಕ್ಕಬೆಗಳಲ್ಲಿ ಅವರ ಕಂಪ್ಯೂಟರುಗಳಿವೆ. ಅವುಗಳಲ್ಲಿನ ಪ್ರೋಗ್ರಾಮ್ ಕೆಟ್ಟರೆ ತಿಳಿಸಲು ಕುರುಹುವನ್ನೇ ಅಳವಡಿಸಿಕೊಂಡಿದ್ದರು.

ಒಂದು ಬೆಳಿಗ್ಗೆ, ಧರ್ಮೇಶ್ ಇರುವ ಎಸ್ಟೇಟಿನಲ್ಲಿ ಕೂಲಿ ಮಾಡುವ ಮುದ್ದಿ ಹಾಜರಿಗೆಂದು ಲೈನಿನಿಂದ ಹೊರಟರು. ತಿರುವಿನಲ್ಲಿ ಆನೆ ನಿಂತಿತ್ತು. ಚರಂಡಿಗೆ ಉರುಳಿ ಬಿದ್ದು ಜೀವ ಉಳಿಸಿಕೊಂಡರು, ಕಾಲು ಮುರಿಯಿತು. ಆಸ್ಪತ್ರೆಯ ಮಂಚದ ಪಕ್ಕ ಶೋಭಿತಾ ಹಣ್ಣು ಹಿಡಿದು ನಿಂತಾಗ ಮುದ್ದಿ ಹೇಳಿದ್ದು ಇಷ್ಟೇ: “ಫೋನ್ ಬರ್ಲಿಲ್ಲ ಅಕ್ಕ. ಆನೆ ಇಲ್ಲ ಅಂದ್ಕಂಡು ಬಂದೆ.”

ಶೋಭಿತಾ ಹಣ್ಣನ್ನು ಅಲ್ಲೇ ಇಟ್ಟರು. ಕೆಳಗಿಳಿದು ಬಂದು ನವೀನ್‌ಕುಮಾರ್‌ಗೆ ಫೋನ್ ಮಾಡಿದರು.

“ಏನೂ ಕೆಟ್ಟಿಲ್ಲ ಮೇಡಂ,” ಎಂದರು ಅವರು. “ನಿಮ್ಮ ಕುರುಹುವಿಂದ ಒಂದೂ ಸುದ್ದಿ ಬಂದಿಲ್ಲ ನೋಡಿ.”

“ಯಾವಾಗಿಂದ ಬಂದಿಲ್ಲ?”

ಅವರು ಹಳೆಯ ಸುದ್ದಿಗಳನ್ನು ತೆರೆದು ನೋಡಿದರು. ಬಳಿಕ ಮೆಲ್ಲಗೆ, “ಅಮ್ಮತ್ತೀಲಿ ಹೊಸ ಕಂಪ್ಯೂಟರ್ ಹಾಕಿದಾಗಿಂದ...”

ವಿಷಯ ಹೀಗಿತ್ತು. ಕುರುಹು ಬರೆದಿರುವುದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಆ ಭಾಷೆಗೆ ಆಗಾಗ ಹೊಸ ಆವೃತ್ತಿ ಬರುತ್ತದೆ. ಕೆಲವು ಹಳೆಯ ಸೌಲಭ್ಯಗಳು ಹೋಗುತ್ತವೆ, ಹೊಸ ಬರಹದ ರೀತಿಗಳು ಸೇರುತ್ತವೆ. ಅಮ್ಮತ್ತಿಯ ಹೊಸ ಯಂತ್ರದಲ್ಲಿ ಇದ್ದದ್ದು ಹೊಸ ಆವೃತ್ತಿ. ಕುರುಹು ನೆಚ್ಚಿಕೊಂಡಿದ್ದ ಹಳೆಯ ಸೌಲಭ್ಯವೊಂದು ಅದರಲ್ಲಿರಲಿಲ್ಲ. ಕುರುಹು ಶುರುವಾಗುವ ಮೊದಲೇ ಸತ್ತಿತ್ತು. ಕಾವಲಿಲ್ಲದೆ ಓಡುತ್ತಿದ್ದ ಕರೆಯ ಪ್ರೋಗ್ರಾಮ್ ಒಂದು ತಪ್ಪು ಫೋನ್ ನಂಬರಿಗೆ ಮುಗ್ಗರಿಸಿ ಬಿದ್ದಾಗ ಹೇಳುವವರೇ ಇರಲಿಲ್ಲ.

ಶೋಭಿತಾ ಹೊಸ ರೀತಿಯಲ್ಲಿ ಆ ಭಾಗವನ್ನು ತಿದ್ದಿ ಬರೆದರು. ಅಮ್ಮತ್ತಿ ಸರಿಯಾಯಿತು, ಹುದಿಕೇರಿ ಮಲಗಿತು. ಅಲ್ಲಿನದು ಯಾರೋ ದಾನ ಕೊಟ್ಟ ಹಳೆಯ ಯಂತ್ರ, ಹಳೆಯ ಆವೃತ್ತಿ. ಹೊಸ ರೀತಿಯ ಸಾಲು ಅದಕ್ಕೆ ಅರ್ಥವೇ ಆಗದು. ಸರಿ, ‘ಆವೃತ್ತಿ ಹಳೆಯದಾದರೆ ಹೀಗೆ ಮಾಡು, ಹೊಸದಾದರೆ ಹಾಗೆ’ ಎಂದು ಷರತ್ತು ಬರೆದರು. ಆದರೂ ಬಿತ್ತು. ಮಳೆ ಸುರಿಯುತ್ತಿದ್ದ ಆ ದಿನಗಳಲ್ಲಿ ಧರ್ಮೇಶರ ಬೈಕಿನ ಹಿಂದೆ ಕೂತು, ರೇನ್‌ಕೋಟಿನೊಳಗೆ ಲ್ಯಾಪ್‌ಟಾಪ್ ಅವುಚಿಕೊಂಡು ಹುದಿಕೇರಿಗೆ ಎಷ್ಟು ಸಲ ಹೋಗಿಬಂದರೋ.

“ಹಳೇದೆಲ್ಲ ಬಿಸಾಕಿ, ಎಲ್ಲ ಕಡೆ ಹೊಸದೇ ಹಾಕಿಸಿ ಅಂತ ಹೇಳ್ಬಾರ್ದಾ?” ಎಂದು ಒಮ್ಮೆ ಧರ್ಮೇಶ್ ಕೇಳಿದರಂತೆ.

“ಇವತ್ತು ಹೊಸದು, ನಾಳೆ ಅದೂ ಹಳೇದಾಗುತ್ತೆ ಕಣ್ರೀ. ಆಗ ಇನ್ಯಾರ ಕಾಲು ಮುರೀಬೇಕು?”

ದಾರಿ ತೋರಿಸಿದ್ದು ಹುದಿಕೇರಿ ಯಂತ್ರದ ಪರದೆಯ ಮೇಲೆ ಮೂಡುತ್ತಿದ್ದ ದೂರೇ. ಅದು ಹೆಸರಿಸುತ್ತಿದ್ದ ಸಾಲು, ಷರತ್ತಿನ ಪ್ರಕಾರ ಆ ಯಂತ್ರ ಎಂದೂ ಮುಟ್ಟಬಾರದ ಸಾಲು. ಶೋಭಿತಾ ಅದನ್ನೇ ನೋಡುತ್ತಾ ಕೂತರು. ಮುಟ್ಟದ ಸಾಲಿನಲ್ಲಿ ಬೀಳುವುದು ಹೇಗೆ? ಆಗ ಹೊಳೆಯಿತು: ಯಂತ್ರ ಕೆಲಸಕ್ಕೆ ಇಳಿಯುವ ಮೊದಲು ಇಡೀ ಕಡತವನ್ನು ಒಮ್ಮೆ ಓದುತ್ತದೆ. ಅರ್ಥವಾಗದ ಒಂದು ಸಾಲು ಕಂಡರೆ ಓದಿನಲ್ಲೇ ಕೈಚೆಲ್ಲುತ್ತದೆ. ಷರತ್ತಿನವರೆಗೆ ಬರುವುದೇ ಇಲ್ಲ! ಹಳೆಯದಕ್ಕೊಂದು, ಹೊಸದಕ್ಕೊಂದು ಕಡತ ಬೇರೆ ಮಾಡಿ, ಯಂತ್ರ ತನ್ನ ಆವೃತ್ತಿ ನೋಡಿಕೊಂಡು ತನಗೆ ತಕ್ಕದ್ದನ್ನಷ್ಟೇ ತೆರೆಯುವಂತೆ ಮಾಡಿದರು. ಹುದಿಕೇರಿ ಎದ್ದಿತು. ಅಮ್ಮತ್ತಿ, ಕಕ್ಕಬೆಗಳೂ ಸರಿಯಾಗಿ ಓಡಿದವು.

ಇನ್ನೊಂದನ್ನೂ ಸೇರಿಸಿದರು. ಈಗ ಪ್ರತಿ ಯಂತ್ರದ ಕುರುಹು ನಿತ್ಯ ಬೆಳಿಗ್ಗೆ ‘ಇದ್ದೇನೆ’ ಎಂದು ಹೇಳಬೇಕು. ಹೇಳದಿದ್ದರೆ ಅದೇ ಸುದ್ದಿ. ಸುಮ್ಮನಿರುವುದನ್ನು ಕ್ಷೇಮವೆಂದು ಯಾರೂ ತಿಳಿಯುವಂತಿಲ್ಲ.

ಜನವರಿಯಲ್ಲಿ ರೊಬಸ್ಟಾ ಕಾಫಿಯ ಹಣ್ಣು ಬಿಡಿಸುವ ಪಿಕಿಂಗ್ ಶುರುವಾಗಿತ್ತು. ಒಂದು ಮುಂಜಾನೆ ಶೋಭಿತಾ ಅಕ್ಕಿರೊಟ್ಟಿ ತಟ್ಟುತ್ತಿರುವಾಗ ಫೋನು ಸದ್ದು ಮಾಡಿತು; ಕುರುಹುವಿನ ಸುದ್ದಿ ಈಗ ಅವರಿಗೂ ಬರುತ್ತದೆ. ಅಮ್ಮತ್ತಿಯ ಕರೆಯ ಪ್ರೋಗ್ರಾಮ್ ಬಿದ್ದಿದೆ, ಇಂಥ ಸಾಲಿನಲ್ಲಿ. ಹಿಟ್ಟಿನ ಕೈಯಲ್ಲೇ ನವೀನ್‌ಕುಮಾರ್‌ಗೆ ಹೇಳಿದರು. ಅವರು ನೇರ ಆ ಸಾಲಿಗೇ ಹೋಗಿ ಸರಿಪಡಿಸಿ ಮತ್ತೆ ಓಡಿಸಿದರು. ಸರದಿಯಲ್ಲಿ ಸಿಕ್ಕಿಕೊಂಡಿದ್ದ ಕರೆಗಳು ಒಮ್ಮೆಲೇ ಹೊರಟವು. ಧರ್ಮೇಶ್ ಹಾಜರಿಗೆ ಬಂದವರನ್ನು ಗೋದಾಮಿನೊಳಗೆ ನಿಲ್ಲಿಸಿದರು. ಲೈನಿನವರು ಜಗಲಿ ಬಿಟ್ಟಿಳಿಯಲಿಲ್ಲ. ಅವರ ಕಣ್ಣೆದುರೇ ಮರಿಗಳನ್ನು ನಡುವೆ ಇಟ್ಟುಕೊಂಡ ಹಿಂಡು ಮಣ್ಣುದಾರಿ ದಾಟಿ, ಸದ್ದಿಲ್ಲದೆ ಕಾಫಿಗಿಡಗಳ ನಡುವೆ ಕರಗಿತು.

“ಆನೆ ಹೋಗೋದನ್ನ ಹೆದರದೆ ನೋಡಿದ್ದು ಅದೇ ಮೊದ್ಲು,” ಎನ್ನುತ್ತಾರೆ ಮುದ್ದಿ. ಕೊಂಚ ಕುಂಟುತ್ತಾ ಈಗ ಮತ್ತೆ ಪಿಕಿಂಗಿಗೆ ಬರುತ್ತಾರೆ. “ಎಷ್ಟು ಚೆಂದ ಉಂಟು ಅಕ್ಕ ಅವು!”

ಕರೆ ಮಾಡಿದ್ದು ಶೋಭಿತಾ ಎಂದೇ ಮುದ್ದಿಯ ನಂಬಿಕೆ. ಅದಲ್ಲ, ಕರೆ ಮಾಡುವ ಪ್ರೋಗ್ರಾಮ್ ಕೆಟ್ಟರೆ ಹೇಳುವ ಸಲಕರಣೆಯನ್ನು ಎಲ್ಲ ಆವೃತ್ತಿಗಳಲ್ಲೂ ಬದುಕಿಸಿಡುವುದು ತಮ್ಮ ಕೆಲಸವೆಂದು ವಿವರಿಸಲು ಹೋಗಿ ಶೋಭಿತಾ ಸೋತಿದ್ದಾರೆ.

ಆಸೆಯೇನೆಂದು ಕೇಳಿದರೆ, “ಇದನ್ನ ಕಲಿಯೋರು ಇನ್ನೊಬ್ರು ಬೇಕು. ಇಲ್ಲಿಯವರೇ ಆಗ್ಬೇಕು ಅಂತಿಲ್ಲ, ಎಲ್ಲಾದ್ರೂ ಇರ್ಲಿ,” ಎನ್ನುತ್ತಾರೆ. “ನಾನು ಒಂದಿನ ಮಾತಾಡ್ಲಿಲ್ಲ ಅಂದ್ರೆ, ಶೋಭಿತಾ ಯಾಕೆ ಸುಮ್ಮನಿದ್ದಾಳೆ ಅಂತ ಕೇಳೋರು ಒಬ್ರು ಬೇಕು.”