ಲಾಂಚಿನ ಸೀಟಿ, ಬಿಸಿ ಚಹಾ

ಗೆಳೆಯರೇ, ನಮ್ಮ ವಾಣಿಜ್ಯದ ಮಾಸ್ತರರ ಪಾಠ ಇವತ್ತು ಅವರಿಗೇ ತಿರುಗಿತು.

ಕುಮಟಾ ಕಾಲೇಜಿಗೆ ರಜೆಯೆಂದು ನಾನು ಹೊನ್ನಾವರ ಬಂದರಿನಲ್ಲಿರುವ ಮಾವನ ಹೋಟೆಲಿನಲ್ಲಿದ್ದೆ. ಸೇತುವೆ ಆಗುವವರೆಗೆ ಶರಾವತಿ ದಾಟಲು ಲಾಂಚೇ ಗತಿ. ಅದಕ್ಕೆ ಕಾದು ಕೂತವರಿಗೆ ಮಾವ ಚಹಾವನ್ನು ಕಪ್ಪಿನಿಂದ ಬಸಿ ತಟ್ಟೆಗೆ ಸುರಿದು, ಆರಿಸಿ ಕೊಡುತ್ತಾನೆ. ಆರಿಸುವುದು ಬೇಡವೆಂದು ನಾನು ತಡೆದೆ.

“ಗಿರಾಕಿಗೆ ಬಿಸಿ ಬಿಸಿ ಕೊಡವು ಮಾವಾ. ಕಾಲೇಜಲ್ಲಿ ಅದೇ ಪಾಠ.”

“ಲಾಂಚು ಕಾಯ್ತಿಲ್ಲೆ, ತಮಾ. ಆತು, ನಿನ್ನಿಷ್ಟ.”

ಅಷ್ಟರಲ್ಲಿ ಆ ಪಾಠ ಮಾಡಿದ ಮಾಸ್ತರರೇ ಬಂದರು. ಭಟ್ಕಳಕ್ಕೆ ಮದುವೆ ಊಟಕ್ಕೆ ಹೊರಟಿದ್ದರು. ಹಬೆಯಾಡುವ ಚಹಾವನ್ನು ಭಕ್ತಿಯಿಂದ ಅವರ ಮುಂದಿಟ್ಟೆ. ಅವರು ಊದಿ ಊದಿ ಅರ್ಧ ಕುಡಿಯುವುದರೊಳಗೆ ಲಾಂಚು ಸೀಟಿ ಹೊಡೆದು ಹೊರಟೇ ಹೋಯಿತು.

“ಇನ್ನೊಂದು ಲಾಂಚು ಬರುವಷ್ಟರಲ್ಲಿ ಅಲ್ಲಿ ಪಂಕ್ತಿ ಎದ್ದಿರುತ್ತದೆ” ಎಂದರು ಮಾಸ್ತರರು, ಹೊಳೆಯನ್ನೇ ನೋಡುತ್ತ.

ಮಾವ ಆಗಲೇ ಬಾಳೆಎಲೆ ಹಾಸಿದ್ದ. ಮಾಸ್ತರರ ಜೊತೆ, ಅವರಂತೆಯೇ ಬಿಸಿ ಚಹಾ ಊದುತ್ತ ಲಾಂಚು ತಪ್ಪಿಸಿಕೊಂಡ ಉಳಿದವರೂ ಊಟಕ್ಕೆ ಕೂತರು. ಮಾವ ಅನ್ನದ ಪಾತ್ರೆ ನನ್ನ ಕೈಗೆ ಕೊಡುತ್ತ ಮೆಲ್ಲಗೆ ಹೇಳಿದ: “ನಿನ್ನ ಓದಲ್ಲಿ ಲಾಭ ಇದ್ದು, ತಮಾ. ನಾಳಿಂದ ಎಲ್ಲರಿಗೂ ಬಿಸಿ ಚಾನೇ.”

ಲಾಭ ಮಾವನಿಗೆ. ನಾಳೆ ಕಾಲೇಜು ತೆರೆದಾಗ ಮಾಸ್ತರರ ಎದುರಿನ ಬೆಂಚು ನನಗೆ.