ಕತ್ತೆಗೆ ಹೇಳಿದ ಮಾತು

ಸರಕಿನಂತೆ ತೂಗಿ ನೋಡಿದರೆ ಬಟ್ಟೆ ಒಗೆಯುವ ಅಕ್ಕನನ್ನು ಯಾರೂ ಕೊಳ್ಳುತ್ತಿರಲಿಲ್ಲ. ಕುಳ್ಳ ಮೈ, ಸೋಪಿನ ನೀರಿಗೆ ಬಿರುಕುಬಿಟ್ಟ ಅಂಗೈ, ಸದಾ ಗಂಟಿಕ್ಕಿದ ಮುಖ. ಗಂಟಲು ಮಾತ್ರ ಸಗಟು ವ್ಯಾಪಾರದ್ದು. ನದಿಯ ಈ ದಡದಲ್ಲಿ ಆಸ್ಪತ್ರೆಯ ಹಾಸುಬಟ್ಟೆ ಒಗೆಯುತ್ತ ಕತ್ತೆಗೆ ಬೈದರೆ ಆ ದಡದಲ್ಲಿ ಮಲಗಿದವರು ಎದ್ದು ಕೂರುತ್ತಿದ್ದರು. ಆ ದಡ ಬೇರೆ ದೇಶ.

ಎರಡು ದೇಶಗಳೂ ಮಾತು ಬಿಟ್ಟಿದ್ದವು. ರಾಯಭಾರಿಗಳು ಗಂಟುಮೂಟೆ ಕಟ್ಟಿದ್ದರು. ಫೋನಿನ ತಂತಿ ಕತ್ತರಿಸಿದ್ದನ್ನೇ ಗೆಲುವೆಂದು ಎರಡೂ ಕಡೆ ಚಪ್ಪಾಳೆ ತಟ್ಟಿದ್ದರು. ಉಳಿದದ್ದು ಬಂದೂಕೊಂದೇ, ಅದಕ್ಕೆ ಕಿವಿ ಬಲು ಚುರುಕು. ಒಮ್ಮೆ ಲಾರಿಯ ಟೈರು ಸಿಡಿದದ್ದಕ್ಕೇ ಆಚೆಯಿಂದ ಗುಂಡು ಬಂದು, ದಡದ ಶಾಲೆಯ ಹೆಂಚು ಒಡೆದಿತ್ತು. ಅಕ್ಕನ ಮೊಮ್ಮಗಳು ಓದುತ್ತಿದ್ದದ್ದು ಅದೇ ಶಾಲೆಯಲ್ಲಿ. ನಮ್ಮ ಬೀದಿಯ ಮಕ್ಕಳೆಲ್ಲ ಅಲ್ಲೇ.

ಹೀಗಿರುವಾಗ ಗುಡ್ಡದ ಬಂಡೆಯೊಂದು ಉರುಳಿ ರಸ್ತೆ ಮುಚ್ಚಿತು. ಮದ್ದಿಟ್ಟು ಸಿಡಿಸಬೇಕು. ಸಿಡಿಸುವ ಹಿಂದಿನ ಸಂಜೆ ಗಡಿ ಠಾಣೆಯ ಸಾಹೇಬರು ಬೂಟು ಒದ್ದೆಯಾಗದಂತೆ ಕಲ್ಲಿಂದ ಕಲ್ಲಿಗೆ ಹಾರುತ್ತ ಅಕ್ಕನ ಬಳಿ ಬಂದರು.

"ಆಚೆ ಕೇಳೋ ಹಾಗೆ ಸ್ವಲ್ಪ ಕೂಗ್ಬೇಕಲ್ಲಮ್ಮ. ನಾಳೆ ಹತ್ತಕ್ಕೆ ಬಂಡೆ ಸಿಡಿಸ್ತೀವಿ, ಗುಂಡು ಹಾರಿಸಬೇಡಿ ಅಂತ."

"ಮೈಕಲ್ಲಿ ನೀವೇ ಹೇಳಿ."

"ನಾವು ಹೇಳಿದ್ರೆ ಸರ್ಕಾರ ಮಾತಾಡಿದ ಹಾಗಾಗುತ್ತೆ. ನಾವು ಮಾತಾಡಲ್ಲ."

"ಹಾಗಾದ್ರೆ ನಾಳೆ ಸ್ಕೂಲಿಗಾದ್ರೂ ರಜ ಕೊಡಿ."

"ರಜ ಕೊಟ್ರೆ ಯುದ್ಧಕ್ಕೆ ತಯಾರಿ ಅಂದ್ಕೋತಾರೆ. ನೀವು ಕೂಗಿ. ಆದ್ರೆ ಅವರಿಗೆ ಹೇಳಬೇಡಿ, ಅವರಿಗೆ ಕೇಳಿಸ್ಬೇಕು ಅಷ್ಟೆ. 'ನೀವು' ಅಂದ್ರೆ ಮರ್ಯಾದೆ ಕೊಟ್ಟ ಹಾಗೆ, 'ನೀನು' ಅಂದ್ರೆ ಜಗಳ ತೆಗೆದ ಹಾಗೆ."

ಅಕ್ಕ ಕಿಸಕ್ಕನೆ ನಕ್ಕಳು. "ಇಷ್ಟೇನಾ! ನಮ್ಮ ಓರಗಿತ್ತಿ ಜೊತೆ ಮಾತು ಬಿಟ್ಟು ಎಷ್ಟೋ ಕಾಲ ಆಯ್ತು ಸ್ವಾಮಿ. ಉಪ್ಪು ಮುಗಿದಿದೆ ಅಂತ ನಾನು ಬೆಕ್ಕಿಗೆ ಹೇಳ್ತೀನಿ. ತಂದಿಟ್ಟಿದ್ದೀನಿ ಅಂತ ಅವಳು ಪೊರಕೆಗೆ ಹೇಳ್ತಾಳೆ. ಒಂದಿನಾನೂ ಅಡುಗೆ ನಿಂತಿಲ್ಲ."

ತೋಳೇರಿಸಿ ಕತ್ತೆಯ ಕಿವಿ ಹಿಡಿದಳು. "ಏ ಕತ್ತೇ! ನಾಳೆ ಹತ್ತು ಗಂಟೆಗೆ ನಮ್ಮ ಗುಡ್ಡದಲ್ಲಿ ಬಂಡೆ ಸಿಡಿಸ್ತಾರೆ! ಢಂ ಅಂತ ಶಬ್ದ ಬಂದ್ರೆ ಒದೆಯೋಕೆ ಬರಬೇಡ!"

ಸಾಹೇಬರು ಬೆವರೊರೆಸಿಕೊಂಡರು. ಕೊನೆಗೆ ಆ ದಡದಲ್ಲಿ ಮೀನಿನ ಬಲೆ ಒಣಹಾಕುತ್ತಿದ್ದವನೊಬ್ಬ, ಪಕ್ಕದ ಸಿಪಾಯಿಯ ಪಿಸುಮಾತಿಗೆ ಕಿವಿಗೊಟ್ಟು, ತನ್ನ ನಾಯಿಯನ್ನು ಗದರಿದ: "ಲೇ ನಾಯಿ, ಹತ್ತು ಅಂದ್ರೆ ಯಾರ ಗಡಿಯಾರದ ಹತ್ತೋ?"

ಎರಡು ದೇಶಗಳು ಗಡಿಯಾರದಲ್ಲೂ ಅರ್ಧ ಗಂಟೆಯ ಅಂತರವಿಟ್ಟು ಮುನಿಸಿಕೊಂಡಿದ್ದವು. ಯಾರ ಹತ್ತು ಎಂದು ಹೇಳಿದರೂ ದೇಶದ ಮಾನ ಹೋದೀತೆಂದು ಸಾಹೇಬರು ಬಾಯಿಗೆ ಬೀಗ ಜಡಿದುಕೊಂಡರು. ಅಕ್ಕನಿಗೆ ಹೆಂಚು ಒಡೆದ ದಿನ ಬೆಂಚಿನಡಿ ಸಿಕ್ಕ ಮೊಮ್ಮಗಳ ಮುಖ ಕಣ್ಣಿಗೆ ಕಟ್ಟಿತು.

"ಸ್ಕೂಲ್ ಗಂಟೆ ಕೇಳಿಸುತ್ತಲ್ವೇನೋ ಕತ್ತೇ? ಮಕ್ಕಳು ಒಳಗೆ ಹೋಗೋ ಗಂಟೆ! ಅದಾದ ಮೇಲೆ! ಒಳಗೆ ಮಕ್ಕಳಿರ್ತವೆ, ನೆನಪಿರ್ಲಿ!"

"ಕೇಳಿಸ್ತೇನೋ ನಾಯಿ? ನಾಳೆ ಬಾಲ ಮುದುರ್ಕೊಂಡು ಮಲ್ಕೋ," ಎಂದ ಬಲೆಯವನು.

ಮರುದಿನ ಗಂಟೆ ಹೊಡೆಯಿತು, ಬಂಡೆ ಸಿಡಿಯಿತು, ಶಾಲೆಯ ಕಿಟಕಿಗಳು ನಡುಗಿದವು. ಆಚೆಯಿಂದ ಒಂದು ಗುಂಡೂ ಬರಲಿಲ್ಲ. ಶತ್ರುವಿನೊಂದಿಗೆ ತಾವು ತುಟಿ ಪಿಟಕ್ಕೆಂದಿಲ್ಲವೆಂದು ಎರಡೂ ರಾಜಧಾನಿಗಳು ರೇಡಿಯೋದಲ್ಲಿ ಎದೆ ತಟ್ಟಿಕೊಂಡವು. ಹಾಸುಬಟ್ಟೆಗಳ ಮೇಲೆ ಕೂತ ಬಂಡೆಯ ಧೂಳಿಗಾಗಿ ಅಕ್ಕ ಸಾಹೇಬರಿಗೆ ಹಿಡಿಶಾಪ ಹಾಕುತ್ತ ಎಲ್ಲವನ್ನೂ ಮತ್ತೆ ಒಗೆದಳು.

ಆ ಬೆಳಿಗ್ಗೆ ನನ್ನ ಇಬ್ಬರು ಮಕ್ಕಳೂ ಆ ಶಾಲೆಯೊಳಗಿದ್ದರು. ಸಂಜೆ ಮನೆಗೆ ಬಂದರು. ಅದಕ್ಕೆ ನಾನು ಆಕೆಗೆ ಋಣಿ.