ಕದರಪ್ಪನ ಗಾಣಕ್ಕೆ ಬಂದ ಮುಗ್ಗಿದ ಬೀಜ

ಕೋಲ್ಡ್ ಪ್ರೆಸ್ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ನಮ್ಮ ಹೊಳವನಹಳ್ಳಿಯ ಗಾಣದ ಕದರಪ್ಪನ ಬಾಗಿಲಲ್ಲಿ. ಅವನ ಅಕ್ಕನ ಮಗ ಬಸವೇಶ್ ಏಣಿ ಹತ್ತಿ ಆ ಹೆಸರಿನ ಬೋರ್ಡು ಕಟ್ಟುತ್ತಿದ್ದ. ಮಧುಗಿರಿಯಲ್ಲಿ ಎಣ್ಣೆ ಅಂಗಡಿ ಇಡುತ್ತಾನಂತೆ, ಎಣ್ಣೆ ಇಲ್ಲಿಂದಲೇ ಹೋಗಬೇಕಂತೆ.

"ಕೋಲ್ಡು ಅಂದ್ರೆ ಎಣ್ಣೇನ ಫ್ರಿಜ್ಜಲ್ಲಿ ಇಕ್ತೀಯೇನ್ಲಾ?" ಅಂದೆ.

"ಇಲ್ಲ ಕಣಜ್ಜಿ. ಬೀಜ ಹುರಿಯಂಗಿಲ್ಲ, ಬೇಯ್ಸಂಗಿಲ್ಲ. ಹಂಗೇ ಹಿಂಡೋದು."

"ನಿಮ್ಮಾವ ಮೀಸೆ ಬಂದಾಗಿಂದ ಮಾಡ್ತಿರೋದು ಇನ್ನೇನ್ಲಾ?"

ಕದರಪ್ಪ ಹಲ್ಲು ಬಿಟ್ಟು ನಕ್ಕ.

ಅವನದು ಮರದ ಗಾಣ. ಎತ್ತು ಹೋಗಿ ಮೋಟರು ಬಂದಿತ್ತು. ಆದರೂ ಬಿರುಸಾಗಿ ತಿರುಗಲು ಬಿಡುತ್ತಿರಲಿಲ್ಲ, ಎಣ್ಣೆ ಕಾಯುತ್ತದೆ ಎನ್ನುತ್ತಿದ್ದ. ಯಾರೇ ಕಡಲೆಬೀಜ ತಂದರೂ ಒಂದು ಹಿಡಿ ಅಂಗೈಯಲ್ಲಿ ತಿಕ್ಕಿ ಮೂಸುತ್ತಿದ್ದ. ಮುಗ್ಗಲು ಹೊಡೆದರೆ ಮೂಟೆ ಹೊರಗೆ. ನಮ್ಮ ಯಜಮಾನರ ಮೂಟೆಯನ್ನೇ ಒಮ್ಮೆ ವಾಪಸು ಕಳಿಸಿದ್ದ, ಅವರು ಎಷ್ಟೋ ದಿನ ಅವನ ಜೊತೆ ಮಾತು ಬಿಟ್ಟಿದ್ದರು. ಅವನು ಮಾಡಿದ್ದೇ ಸರಿ. ಫ್ಯಾಕ್ಟರಿಯವರು ಕಾಯಿಸಿ, ತೊಳೆದು, ವಾಸನೆ ಬಣ್ಣ ಎಲ್ಲ ತೆಗೆದುಬಿಡುತ್ತಾರೆ. ಗಾಣದ ಎಣ್ಣೆಗೆ ಆ ಉಪಾಯವಿಲ್ಲ. ಬೀಜದಲ್ಲಿ ಏನಿದೆಯೋ ಅದೇ ನಮ್ಮ ಬಾಣಲೆಗೆ ಬೀಳುತ್ತದೆ.

ಹೋದ ವರ್ಷ ದೀಪಾವಳಿಗೆ ಅವನಲ್ಲಿಂದ ತಂದ ಎಣ್ಣೆಯಲ್ಲಿ ಒಗ್ಗರಣೆ ಹಾಕಿದೆ. ಮನೆಯೆಲ್ಲ ನೆಂದ ಗೋಣಿಚೀಲದ ನಾತ! ಎಣ್ಣೆ ತೆಗೆದು ಉಳಿದ ಹಿಂಡಿಯನ್ನು ಮುಂದಿಟ್ಟರೆ ಹಸು ಮೂತಿ ತಿರುಗಿಸಿತು. ನನಗೆ ಮೈಯೆಲ್ಲ ಉರಿದುಹೋಯಿತು. ಎಣ್ಣೆಯ ತಂಬಿಗೆ ಹಿಡಿದು ಹೋದವಳೇ ಅವನ ಮೂಗಿಗೆ ಒಡ್ಡಿದೆ.

"ಮೂಸು."

"ಚೆನ್ನಾಗೈತಲ್ಲ, ಕೆಂಚಕ್ಕ?"

"ಚೆನ್ನಾಗೈತಾ? ನಿನಗಿಂತ ನಮ್ ಹಸ ವಾಸಿ ಕಣಲೇ!"

ಅವನು ತಂಬಿಗೆ ಇಸಿದುಕೊಂಡು ಗಾಣದ ಕಟ್ಟೆಯ ಮೇಲೆ ಕೂತ.

"ಕರೋನಾದಾಗೆ ಮೂಗು ಹೋಯ್ತು ಕಣಕ್ಕ. ತಿರ್ಗಿ ಬರ್ಲೇ ಇಲ್ಲ. ಮಲ್ಲಿಗೇನೂ ಒಂದೇ, ಸಗಣೀನೂ ಒಂದೇ ನಂಗೆ."

"ಮತ್ತೆ ದಿನಾ ಮೂಸ್ತಿದ್ದಿದ್ದು?"

"ಮೂಸ್ದಂಗೆ ಮಾಡ್ತಿದ್ದೆ. ಇಲ್ದಿದ್ರೆ ಗಾಣಕ್ಕೆ ಯಾರ್ ಬತ್ತಾರೆ? ಬೀಜ ಎಲ್ಲ ಬಸವೇಶನೇ ನೋಡಿ ತತ್ತಾನಲ್ಲ ಅಂದ್ಕೊಂಡೆ. ಅವ್ನೊಬ್ನಿಗೇ ಹೇಳಿದ್ದು."

ಅವನೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದೇ ಮುಗ್ಗಿದ ಬೀಜ ತಂದು ಸುರಿದಿದ್ದಾನೆ! ಆ ಸಂಜೆ ಬಸವೇಶ್ ವ್ಯಾನು ತಂದಾಗ ನಾನು ಅಲ್ಲೇ ಕಾದಿದ್ದೆ.

"ಅಗ್ಗಕ್ಕೆ ಸಿಕ್ತು ಕಣಜ್ಜಿ. ಬಾಟ್ಲಿ ಮ್ಯಾಲೆ ಮಾವನ ಫೋಟೋ ಐತೆ, ಜನ ಕಣ್ಮುಚ್ಕೊಂಡು ತಗೋತಾರೆ."

"ನಿನ್ ಮನೆ ಹಾಳಾಗ! ನಿನ್ನ ನಂಬಿದ್ನಲ್ಲೋ ಅವ್ನು! ತಿಂದೋರ ಹೊಟ್ಟೆ ಏನಾಗ್ಬೇಕ್ಲಾ?"

"ನೀನ್ಯಾಕಜ್ಜಿ ಮಧ್ಯ?" ಎಂದು ಗಾಡಿ ತಿರುಗಿಸಿಕೊಂಡು ಹೋದ.

ಕದರಪ್ಪ ಅವತ್ತೇ ಮೋಟರು ನಿಲ್ಲಿಸಿದ. ಮಾರನೆಯ ದಿನದಿಂದ ಮನೆಮನೆಗೆ ಹೋಗಿ, ಕೊಟ್ಟ ಎಣ್ಣೆಯನ್ನು ವಾಪಸು ಇಸಿದುಕೊಂಡು ತಿಪ್ಪೆಗೆ ಸುರಿದ. ಯಾಕೆ ಎಂದು ಕೇಳಿದರೆ "ತಪ್ಪಾಯ್ತು" ಎಂದಷ್ಟೇ ಹೇಳಿದ. ಜನಕ್ಕೆ ಅಷ್ಟು ಸಾಕಾಯಿತು. ಇವರ ಮದುವೆ, ಹಬ್ಬ, ಬಾಣಂತನಕ್ಕೆಲ್ಲ ಎಣ್ಣೆ ಕೊಟ್ಟವನನ್ನು ಬಸ್ ಸ್ಟಾಪಿನಲ್ಲಿ ನಿಲ್ಲಿಸಿ ಕಲಬೆರಕೆ ಕದರ ಎಂದರು. ಬಸವೇಶ್ ಮಾತ್ರ ಬೇರೆ ಕಡೆಯಿಂದ ಎಣ್ಣೆ ತರಿಸಿ ಮಧುಗಿರಿಯಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದಾನೆ. ಬಸ್ಸು ಆ ಅಂಗಡಿ ದಾಟುವಾಗೆಲ್ಲ ನನಗೆ ಕಿಟಕಿಯಿಂದ ಉಗಿಯಬೇಕೆನಿಸುತ್ತದೆ.

ಶಿವರಾತ್ರಿಗೆ ಮುಂಚೆ ಹಾಸಿಗೆ ಹಿಡಿದ ಕದರಪ್ಪ ಮತ್ತೆ ಏಳಲಿಲ್ಲ. ನೋಡಲು ಹೋದಾಗ ಗೋಡೆ ಕಡೆ ಮುಖ ಮಾಡಿದ್ದ. ಊರಿನವರಿಗೆ ನಡೆದದ್ದನ್ನು ನಾನೇ ಹೇಳುತ್ತೇನೆ, ನಿನ್ನ ಹೆಸರು ಹೀಗೆ ಹಾಳಾಗುವುದು ಬೇಡ ಎಂದೆ. ಹೊರಳಿ ನನ್ನ ಕೈ ಹಿಡಿದ. ಆಗ ಅವನು ಕೇಳಿಕೊಂಡಿದ್ದಕ್ಕೆ ನಾನು ಹೂಂ ಅನ್ನಲಿಲ್ಲ, ಇವತ್ತಿಗೂ ಅನ್ನುವುದಿಲ್ಲ.

"ನನ್ ಮೂಗು ಹೋಗಿತ್ತು ಅಂತ ಬೇಕಾದ್ರೆ ಹೇಳಕ್ಕ," ಎಂದ. "ಬಸವೇಶನ ಹೆಸ್ರು ಮಾತ್ರ ಎತ್ತಬ್ಯಾಡ."